ಲಕ್ಷ್ಯದ ಕವಚ: ಒಂದು ವಿಮರ್ಶೆ
1984ರಲ್ಲಿ ಮೊದಲ ನ್ಯೂಟ್ರಾನುಗಳನ್ನಿತ್ತ ಇಂಗ್ಲೆಂಡಿನ ‘ಐಸಿಸ್’ ಆಕರದಲ್ಲಿ, ಪ್ರೋಟಾನುಗಳ ತಾಡನಕ್ಕೊಳಗಾಗುವ ಟಂಗ್‌ಸ್ಟನ್ ಲಕ್ಷ್ಯವನ್ನು ತಣಿಸುವ ನೀರೇ ಸವೆಯಿಸುವುದರಿಂದ, ಅದಕ್ಕೆ ಟ್ಯಾಂಟಲಮ್ ಹೊದಿಕೆಯುಂಟು. ಇದನ್ನು ಬರಿಯ ಕವಚವೆಂದರೆ ಸಾಲದು. ಯೋಧನ ಕವಚಕ್ಕೂ ಮೈಗೂ ನಡುವೆ ತೆರಪಿರಬಹುದು. ಇಲ್ಲಿ ತೆರಪಿದ್ದರೆ ಶಾಖವು ನೀರಿಗೆ ಸರಿಯಾಗಿ ಸಾಗದೆ ಲಕ್ಷ್ಯವೇ ಕೆಡುವುದು. ಅಧಿಕ ತಾಪದಲ್ಲಿ ಎಲ್ಲ ಕಡೆಯಿಂದಲೂ ಅನಿಲದ ಒತ್ತಡವನ್ನು ಹೇರಿ ಲೋಹಗಳೆರಡನ್ನೂ ಬೆಸೆಯುವುದು ಅದಕ್ಕಾಗಿಯೇ. ಕರ್ಣನ ಸಹಜಕವಚವೇ ತಕ್ಕ ಉಪಮಾನ. ಆದರೂ ಆ ಉಪಮಾನದಲ್ಲಿ ಕಾಣದ ದೋಷವೊಂದುಂಟು: ನ್ಯೂಟ್ರಾನುಗಳನ್ನು ಹೀರಿದ ಟ್ಯಾಂಟಲಮ್ ತಾನೇ ವಿಕಿರಣಶೀಲವಾಗಿ, ಪ್ರೋಟಾನುಗಳು ನಿಂತ ಮೇಲೂ ಶಾಖವನ್ನು ಸೂಸುತ್ತಿರುತ್ತದೆ, ಹಾಗೆ ಹುಟ್ಟುವ ಟ್ಯಾಂಟಲಮ್-182ರ ಅರ್ಧಾಯುಷ್ಯ ಸುಮಾರು 115 ದಿನ. ಆದುದರಿಂದ ಹೊದಿಕೆಯು ನೀರನ್ನು ತಡೆಯುವಷ್ಟು ದಪ್ಪವಿದ್ದು, ಅದಕ್ಕೂ ಮೀರಿ ಬೆಳೆಯಬಾರದು. ರಕ್ಷಿಸುವುದು, ಬಿಸಿಯಾಗುವುದು ಎಂಬ ‘ಕಾಯು’ ಶಬ್ದದ ಎರಡರ್ಥಗಳೂ ಇಲ್ಲಿ ಒಂದೇ ವಸ್ತುವಿನಲ್ಲಿ ಕೂಡಿವೆ. ಎರಡನ್ನೂ ತೂಗಿದ ರಚನೆಯೇ ಉತ್ತಮವೆನಿಸತಕ್ಕದ್ದು.