ಏಳರಿಂದ ಎಂಟಕ್ಕೆ ಹೋಗುವ ದಾರಿ

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕಲಿಯುವವರು ಗೇಟುಗಳ ಪಾಠವನ್ನು ಸಲೀಸಾಗಿ ದಾಟಿ ಫ್ಲಿಪ್-ಫ್ಲಾಪ್ ಬಂದೊಡನೆ ತಡವರಿಸುತ್ತಾರೆ. ಅದು ಸಹಜ. ಅಲ್ಲಿಯವರೆಗೆ ಇನ್‌ಪುಟ್ ಇದ್ದಷ್ಟು ಹೊತ್ತು ಔಟ್‌ಪುಟ್ ಇರುತ್ತಿತ್ತು. ಇಲ್ಲಿ ಮೊದಲ ಸಲ ಸರ್ಕ್ಯೂಟಿಗೆ ನೆನಪು ಬರುತ್ತದೆ. ಎರಡು ನಾರ್ ಗೇಟುಗಳನ್ನು ತೆಗೆದುಕೊಂಡು, ಪ್ರತಿಯೊಂದರ ಔಟ್‌ಪುಟ್ಟನ್ನು ಇನ್ನೊಂದರ ಇನ್‌ಪುಟ್ಟಿಗೆ ಜೋಡಿಸಿ. ಒಂದು 1 ಆದರೆ ಇನ್ನೊಂದನ್ನು 0ಗೆ ಅದುಮಿ ಹಿಡಿಯುತ್ತದೆ. ಆ 0 ಮೊದಲನೆಯದನ್ನು 1ರಲ್ಲೇ ಕಾಯುತ್ತದೆ. ಬ್ರಿಟನ್ನಿನ ಎಕಲ್ಸ್ ಮತ್ತು ಜೋರ್ಡನ್ 1918ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಇದೇ ಉಪಾಯಕ್ಕೆ, ಎರಡು ವ್ಯಾಕ್ಯೂಮ್ ಟ್ಯೂಬುಗಳಲ್ಲಿ.

ಇದಕ್ಕೆ ಕ್ಲಾಕ್ ಸೇರಿಸಿ, ಎಂಟನ್ನು ಸಾಲಾಗಿಟ್ಟು ಒಂದೇ ಕ್ಲಾಕಿಗೆ ಕಟ್ಟಿದರೆ ಎಂಟು ಬಿಟ್ಟಿನ ರಿಜಿಸ್ಟರ್. ಪ್ರತಿ ಪಲ್ಸಿಗೂ ಮಗುಚಿಕೊಳ್ಳುವಂತೆ ಮಾಡಿದರೆ ಎರಡು ಪಲ್ಸಿಗೆ ಒಂದನ್ನಷ್ಟೇ ಹೊರಬಿಡುತ್ತದೆ. ಕ್ವಾರ್ಟ್ಜ್ ಕೈಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹೀಗೆ ಅರ್ಧ ಮಾಡುವ 15 ಹಂತ ದಾಟಿದಾಗ ಉಳಿಯುವುದು ಸೆಕೆಂಡಿಗೆ ಒಂದೇ ಪಲ್ಸ್.

ಹೀಗೆ ಅರ್ಧ ಮಾಡುವ ಹಂತಗಳ ಸಾಲೇ ಪಲ್ಸುಗಳನ್ನು ಎಣಿಸುವ ಕೌಂಟರ್ ಕೂಡ. ಅದನ್ನು ಮಾತ್ರ ಕೈಯಾರೆ ಕಟ್ಟಿಯೇ ಕಲಿಯಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ 7493 ಐಸಿ ಕೇಳಿ ನೋಡಿ. ಅದರ 5ನೇ ಪಿನ್ನಿಗೆ ಐದು ವೋಲ್ಟ್, 10ನೇ ಪಿನ್ ಗ್ರೌಂಡ್. 12ನ್ನು 1ಕ್ಕೆ ಸೇರಿಸಿ, 2 ಮತ್ತು 3ನ್ನು ಗ್ರೌಂಡಿಗೆ ಕಟ್ಟಿ, 14ಕ್ಕೆ ಕ್ಲಾಕ್ ಕೊಡಿ. ಕ್ಲಾಕಿಗೆ ಸಾದಾ ಗುಂಡಿ ಸಾಲದು: ಒಂದು ಸಲ ಒತ್ತಿದರೂ ಒಳಗಿನ ಲೋಹದ ಪಟ್ಟಿ ಕೆಲವು ಮಿಲಿಸೆಕೆಂಡು ಪುಟಿದು, ಎಣಿಕೆ ಎರಡು ಮೂರು ಮನೆ ಹಾರಿಬಿಡುತ್ತದೆ. 555 ಟೈಮರಿನಿಂದ ನಿಧಾನದ ಪಲ್ಸ್ ಕೊಡಿ.

ಈಗ 7ರಿಂದ 8ಕ್ಕೆ ಹೋಗುವುದನ್ನು ಗಮನಿಸಿ. 0111 ಇದ್ದದ್ದು 1000 ಆಗಬೇಕು. ಮೊದಲ ಫ್ಲಿಪ್-ಫ್ಲಾಪ್ 0ಗೆ ಇಳಿಯುತ್ತದೆ. ಆ ಇಳಿತವೇ ಎರಡನೆಯದಕ್ಕೆ ಕ್ಲಾಕ್, ಎರಡನೆಯದರ ಇಳಿತ ಮೂರನೆಯದಕ್ಕೆ. ಹಾಗಾಗಿ ಎಣಿಕೆ ನೇರವಾಗಿ 8ಕ್ಕೆ ಜಿಗಿಯುವುದಿಲ್ಲ. 6, 4, 0 ಎಂದು ಹಾದು ಕೊನೆಗೆ 8ಕ್ಕೆ ಬರುತ್ತದೆ. ಇದೆಲ್ಲ ಹತ್ತಾರು ನ್ಯಾನೊಸೆಕೆಂಡಿನ ಮಾತು, ಎಲ್‌ಇಡಿ ನೋಡುವ ಕಣ್ಣಿಗೆ ಸಿಗದು. ಆದರೆ ಔಟ್‌ಪುಟ್ಟಿನಲ್ಲಿ 4 ಬಂದಾಗ ಕೆಲಸ ಮಾಡುವಂಥ ಗೇಟನ್ನು ಕೂಡಿಸಿದ್ದರೆ, ಅದಕ್ಕೆ ಆ ಸುಳ್ಳು 4 ಕಂಡೇಬಿಡುತ್ತದೆ.

ಪರಿಹಾರವೆಂದರೆ ಸಿಂಕ್ರೊನಸ್ ಕೌಂಟರ್. ಎಲ್ಲ ಹಂತಗಳಿಗೂ ಒಂದೇ ಕ್ಲಾಕ್. ತನಗಿಂತ ಕೆಳಗಿನ ಬಿಟ್ಟುಗಳೆಲ್ಲ 1 ಆಗಿದ್ದಾಗ ಮಾತ್ರ ಒಂದು ಹಂತ ಮಗುಚುತ್ತದೆ. ಅನೇಕ ಪುಸ್ತಕಗಳು ಒಂದರ ಇಳಿತ ಮುಂದಿನದಕ್ಕೆ ಕ್ಲಾಕ್ ಆಗುವ ಮೊದಲಿನ ಬಗೆಗೆ, ಅಂದರೆ ರಿಪಲ್ ಕೌಂಟರಿಗೆ, ನಾಲ್ಕು ಸಾಲು ಕೊಟ್ಟು ನೇರ ಇಲ್ಲಿಗೆ ಬರುತ್ತವೆ. ನನಗದು ಒಪ್ಪಿಗೆಯಿಲ್ಲ. ಆ ಸುಳ್ಳು 4 ಎಲ್ಲಿಂದ ಬಂತೆಂದು ತಾನೇ ಹುಡುಕಿದವನಿಗೆ, ಕಂಪ್ಯೂಟರಿನೊಳಗೆ ಲಕ್ಷಾಂತರ ಫ್ಲಿಪ್-ಫ್ಲಾಪುಗಳು ಒಂದೇ ಕ್ಲಾಕಿನ ತಾಳಕ್ಕೆ ಯಾಕೆ ನಡೆಯುತ್ತವೆ ಎಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ.