ಹನ್ನೆರಡು ಗುಣವಾಚಕಗಳಲ್ಲಿ ಲೋಕ

ವಿಲಿಯಂ ಬ್ಯುಕ್ಯಾನನ್, ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರ ‘ಹೌ ನೇಷನ್ಸ್ ಸೀ ಈಚ್ ಅದರ್’ ಎಂಬ ಗ್ರಂಥ 1953ರಲ್ಲಿ ಹೊರಬಂದಿತು. ಒಂದು ರಾಷ್ಟ್ರದ ಜನ ಇನ್ನೊಂದು ರಾಷ್ಟ್ರದವರನ್ನು ಏನೆಂದು ಭಾವಿಸುತ್ತಾರೆ ಎಂಬುದನ್ನು ಎಣಿಸಿ ಅಳೆಯಲು ಹೊರಟ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೊಂದು. ವಿದೇಶಾಂಗ ನೀತಿಯನ್ನು ಕುರಿತ ಜನಾಭಿಪ್ರಾಯದ ಅಂಕಿಗಳು ಇಂದು ಪತ್ರಿಕೆಗಳಲ್ಲಿ ಹವಾಮಾನದ ವರದಿಯಂತೆ ಬಂದುಹೋಗುತ್ತವೆ. ಅವುಗಳ ಹುಟ್ಟುಮನೆಯನ್ನು ಕಾಣಬೇಕೆನ್ನುವವರು ಈ ಹಳೆಯ ಹೊತ್ತಗೆಯನ್ನು ತೆರೆಯಬೇಕು. ಇಂಥ ಪುಸ್ತಕದಲ್ಲಿ ಕನ್ನಡ ಪಾಠ ಹೇಳುವವನಿಗೆ ಏನು ಕೆಲಸ ಎಂದು ವಾಚಕರು ಕೇಳಿಯಾರು. ಕೆಲಸವುಂಟು, ಇದರ ತಿರುಳು ಗುಣವಾಚಕಗಳ ಪ್ರಕರಣಕ್ಕೆ ಸೇರಿದ್ದು.

ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತು. ಯುದ್ಧದ ಬೇರು ಮನುಷ್ಯರ ಮನಸ್ಸಿನಲ್ಲಿದೆ ಎಂದು ನಂಬಿ ಹುಟ್ಟಿದ ಯುನೆಸ್ಕೋ ಸಂಸ್ಥೆ ಆ ಮನಸ್ಸನ್ನೇ ನೋಡಿಬಿಡೋಣವೆಂದು 1948ರಲ್ಲಿ ಒಂಬತ್ತು ದೇಶಗಳಲ್ಲಿ ಪ್ರಶ್ನಾವಳಿಯನ್ನು ಹಂಚಿಸಿತು. ಆಸ್ಟ್ರೇಲಿಯ, ಬ್ರಿಟನ್, ಫ್ರಾನ್ಸ್, ಇಟಲಿ, ನೆದರ್ಲೆಂಡ್ಸ್, ನಾರ್ವೆ, ಮೆಕ್ಸಿಕೊ, ಅಮೆರಿಕ, ಜೊತೆಗೆ ಬ್ರಿಟಿಷರ ವಶದಲ್ಲಿದ್ದ ಜರ್ಮನಿಯ ಭಾಗ. ಭಾರತವಿಲ್ಲ, ಚೀನವಿಲ್ಲ, ರಷ್ಯವೂ ಇಲ್ಲ. ಲೋಕದ ಮನಸ್ಸೆಂದು ಹೊರಟದ್ದು ಲೋಕದ ಒಂದು ಬೀದಿಯ ಮನಸ್ಸಾಯಿತು.

ಕೇಳಿದ್ದರಲ್ಲಿ ಹೆಸರಾದ ಪ್ರಶ್ನೆ ಇದು: ಹನ್ನೆರಡು ಗುಣವಾಚಕಗಳ ಪಟ್ಟಿಯನ್ನು ಮುಂದಿಟ್ಟು, ಅಮೆರಿಕನರಿಗೆ ಯಾವುದು ಒಪ್ಪುತ್ತದೆ, ರಷ್ಯನರಿಗೆ ಯಾವುದು, ನಿಮ್ಮವರಿಗೆ ಯಾವುದು, ಆರಿಸಿ ಹೇಳಿ ಎಂಬುದು. ಶ್ರಮಶೀಲ, ಬುದ್ಧಿವಂತ, ವ್ಯವಹಾರಜ್ಞ, ಜಂಬದ, ಉದಾರ, ಕ್ರೂರ, ಹಿಂದುಳಿದ, ಧೀರ, ಸಂಯಮಿ, ದರ್ಪದ, ಪ್ರಗತಿಶೀಲ, ಶಾಂತಿಪ್ರಿಯ. ಕನ್ನಡ ನನ್ನದು. ಫಲಿತಾಂಶವನ್ನು ಊಹಿಸಲು ಪಂಡಿತರೇ ಬೇಕಿರಲಿಲ್ಲ. ಎಲ್ಲರೂ ಹೊಗಳಿಕೆಯ ಮಾತುಗಳನ್ನು ಮೊದಲು ತಮ್ಮ ಮನೆಗೆ ಸಾಗಿಸಿಕೊಂಡರು.

ಆದರೆ ಗ್ರಂಥಕರ್ತರ ಮುಖ್ಯ ನಿರ್ಣಯ ನಿಜವಾಗಿಯೂ ಬೆಲೆಯುಳ್ಳದ್ದು. ಅಮೆರಿಕನರಿಗೆ ಇದೇ ಬಗೆಯ ಪಟ್ಟಿಯನ್ನು 1942ರಲ್ಲಿಯೂ ಕೊಡಲಾಗಿತ್ತು. ಆಗ ರಷ್ಯ ಯುದ್ಧದಲ್ಲಿ ಜೊತೆಗಾರ. ರಷ್ಯನರು ಶ್ರಮಶೀಲರು, ಧೀರರು. ಆರು ವರ್ಷ ಕಳೆದು ಮತ್ತೆ ಕೇಳಿದಾಗ ‘ಕ್ರೂರ’ ಎಂಬ ಮಾತು ಮೇಲೆದ್ದಿತು. ರಷ್ಯನರ ಹುಟ್ಟುಗುಣ ಆರು ವರ್ಷದಲ್ಲಿ ಬದಲಾಗಲಿಲ್ಲ. ಬದಲಾದದ್ದು ಎರಡು ಸರ್ಕಾರಗಳ ನಂಟು. ಜನರ ದ್ವೇಷದಿಂದ ಸರ್ಕಾರಗಳು ಜಗಳವಾಡುವುದಕ್ಕಿಂತ ಸರ್ಕಾರಗಳ ಜಗಳದಿಂದ ಜನ ದ್ವೇಷಿಸುವುದೇ ಹೆಚ್ಚು ಎಂದು ಈ ಇಬ್ಬರೂ ಕಂಡರು. ಹಾಗಾದರೆ, ಜನಾಭಿಪ್ರಾಯ ಹೀಗಿದೆ, ಆದ್ದರಿಂದ ನಮ್ಮ ನೀತಿ ಹೀಗಿದೆ ಎನ್ನುವ ಮಂತ್ರಿಗಳ ಮಾತಿಗೆ ಏನರ್ಥ? ತಾವೇ ಕೂಗಿ ಬೆಟ್ಟದ ಮರುದನಿಯನ್ನು ಸಾಕ್ಷಿಗೆ ಕರೆದಂತಾಯಿತು.

ನನ್ನ ತಕರಾರು ಇರುವುದು ಪದಗಳ ವಿಚಾರದಲ್ಲಿ. ಆ ಪಟ್ಟಿಯನ್ನು ಕನ್ನಡಿಗರ ಮುಂದಿಟ್ಟಿದ್ದರೆ ಏನಾಗುತ್ತಿತ್ತು? ‘ವ್ಯವಹಾರಜ್ಞ’ ಎಂದರೆ ನಮ್ಮಲ್ಲಿ ಅರ್ಧ ಹೊಗಳಿಕೆ, ಅರ್ಧ ಎಚ್ಚರಿಕೆ. ಅವರು ಭಾರಿ ವ್ಯವಹಾರಸ್ಥರು ಎಂದು ಕೇಳಿದೊಡನೆ ಕೈ ತಾನಾಗಿ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತದೆ. ‘ಸಂಯಮಿ’ ಎಂದರೆ ಮಠದ ಕಡೆಗೆ ಮನಸ್ಸು ಹೋಗುತ್ತದೆ. ‘ಪ್ರಗತಿಶೀಲ’ ಎಂದರೆ ಓದಿದವರಿಗೆ ಅ.ನ.ಕೃ. ನೆನಪಾಗುತ್ತಾರೆ. ‘ಹಿಂದುಳಿದ’ ಎಂಬುದಂತೂ, ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಂದಿನಿಂದ, ಬೈಗುಳವಲ್ಲ, ಹಕ್ಕಿನ ಮಾತು. ಅದಕ್ಕಾಗಿ ಅರ್ಜಿ ಹಾಕುತ್ತಾರೆ. ಇಂಥ ಪದಗಳ ಮೇಲೆ ಬಿದ್ದ ಗೆರೆಗಳನ್ನು ಎಣಿಸಿ, ನಾರ್ವೆಯವರ ಗೆರೆಗಳ ಪಕ್ಕದಲ್ಲಿಟ್ಟು, ಇಷ್ಟಕ್ಕಿಷ್ಟು ಹೆಚ್ಚು ಎನ್ನುವುದು ಸೇರಿನಿಂದ ಅಳೆದ ಭತ್ತವನ್ನೂ ಗಜದಿಂದ ಅಳೆದ ಬಟ್ಟೆಯನ್ನೂ ಕೂಡಿಸಿದಂತೆ.

ಕಳೆದ ವರ್ಷ ನನ್ನ ಪದವಿ ತರಗತಿಯಲ್ಲಿ ಈ ಪಟ್ಟಿಯನ್ನು ಕೊಟ್ಟು, ಅಮೆರಿಕನರ ಬಗ್ಗೆ ಆರಿಸಿರಿ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅಲ್ಲಿಯ ಸರ್ಕಾರದ ಬಗ್ಗೆಯೋ ಸಾರ್, ನಮ್ಮ ಅಣ್ಣ ಕೆಲಸ ಮಾಡುವ ಕಂಪೆನಿಯವರ ಬಗ್ಗೆಯೋ?” ಎಂದಳು. ಉತ್ತರ ಹೇಳಲು ನನಗೆ ತುಸು ಹೊತ್ತು ಹಿಡಿಯಿತು.

ಅಂದಿನ ಪಟ್ಟಿ ಹಳತಾಯಿತು, ಇಂದಿನವರು ಜಾಣರು ಎನ್ನಬಹುದು. ಅಮೆರಿಕದ ಪ್ಯೂ ಸಂಸ್ಥೆ 2002ರಲ್ಲಿ 44 ದೇಶಗಳ 38,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಅಲ್ಲಿಂದೀಚೆಗೆ ಆ ಕೆಲಸ ಮುಂದುವರಿದಿದೆ. ವಿಸ್ತಾರ ಮೆಚ್ಚತಕ್ಕದ್ದೇ. ಆದರೂ ಪದದ ಕಾಟ ತಪ್ಪಲಿಲ್ಲ. ಲೋಕವ್ಯವಹಾರದಲ್ಲಿ ಸರಿಯಾದುದನ್ನೇ ಮಾಡುವರೆಂದು ಇಂಥ ನಾಯಕರಲ್ಲಿ ನಿಮಗೆ ಎಷ್ಟು ‘ಕಾನ್ಫಿಡೆನ್ಸ್’ ಎಂದು ಅವರು ಕೇಳುತ್ತಾರೆ. ಇದನ್ನು ಕನ್ನಡಕ್ಕೆ ತರುವವನು ‘ವಿಶ್ವಾಸ’ ಎಂದು ಬರೆದನೆನ್ನಿ. ನಮ್ಮಲ್ಲಿ ವಿಶ್ವಾಸವೆಂದರೆ ನಂಬಿಕೆಯೂ ಹೌದು, ಪ್ರೀತಿಯೂ ಹೌದು. ‘ನಂಬಿಕೆ’ ಎಂದರೆ ದೇವರ ಪಕ್ಕಕ್ಕೆ ಹೋಯಿತು. ‘ಭರವಸೆ’ ಎಂದರೆ ಚುನಾವಣೆಯ ಭಾಷಣ. ಮೂರರಲ್ಲಿ ಯಾವುದನ್ನು ಹಿಡಿದರೂ ಬೇರೆಬೇರೆ ಉತ್ತರ ಬಂದೀತು.

ಇದು ಭಾಷಾಪಂಡಿತನ ಗೊಣಗಾಟವಲ್ಲ. ಒಂದೇ ಭಾಷೆಯೊಳಗೂ ಹೀಗಾಗುವುದನ್ನು ಡೊನಾಲ್ಡ್ ರಗ್ ಎಂಬವರು 1941ರಲ್ಲಿಯೇ ತೋರಿಸಿದ್ದರು. ಪ್ರಜಾಪ್ರಭುತ್ವದ ವಿರುದ್ಧ ಭಾಷಣಗಳನ್ನು ‘ನಿಷೇಧಿಸಬೇಕೆ?’ ಎಂದಾಗ ಹೌದೆಂದವರಿಗಿಂತ, ‘ಅವಕಾಶ ಕೊಡಬೇಕೆ?’ ಎಂದಾಗ ಬೇಡವೆಂದವರು ಬಹಳ ಹೆಚ್ಚು. ವಿಷಯ ಒಂದೇ, ಕ್ರಿಯಾಪದ ಬೇರೆ.

ರೋಗಕ್ಕೆ ಮದ್ದು ಹುಡುಕಿದವರೂ ಇದ್ದಾರೆ. ಗ್ಯಾರಿ ಕಿಂಗ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೇಖನ ನನಗೆ ಬಹಳ ಹಿಡಿಸಿತು. ಸರ್ಕಾರದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ ಎಂದು ನೇರವಾಗಿ ಕೇಳಿದರೆ, 2000ದಲ್ಲಿ 71 ವರ್ಷದ ಆಳುವ ಪಕ್ಷವನ್ನು ಮತಹಾಕಿ ಇಳಿಸಿದ್ದ ಮೆಕ್ಸಿಕೊದವರಿಗಿಂತ ಚೀನದವರೇ ತಮ್ಮ ಮಾತು ಹೆಚ್ಚು ನಡೆಯುತ್ತದೆಂದರು! ಆಗ ಇವರು ಪುಟ್ಟ ಕಥೆಗಳನ್ನು ಹೇಳಿದರು: ಕುಡಿಯುವ ನೀರಿಲ್ಲದೆ ಕಷ್ಟಪಡುವ ಜನರ ಕಥೆಗಳು. ಒಬ್ಬಾಕೆ ನೆರೆಯವರೊಡನೆ ಸೇರಿ ವಿರೋಧಪಕ್ಷದ ಅಭ್ಯರ್ಥಿಗೆ ಬೆಂಬಲ ಕೊಡುತ್ತಾಳೆ. ಒಬ್ಬನಿಗೆ ಮತವೇ ಇಲ್ಲ, ಸುಮ್ಮನೆ ಸಹಿಸುತ್ತಾನೆ. ಇವರ ಮಾತು ಎಷ್ಟು ನಡೆಯುತ್ತದೆ, ನಿಮ್ಮದು ಎಷ್ಟು ಎಂದು ಕೇಳಿದೊಡನೆ ಎರಡು ದೇಶಗಳ ಸ್ಥಾನ ಅದಲುಬದಲಾಯಿತು. ಸಂಖ್ಯಾಶಾಸ್ತ್ರಜ್ಞರು ಕೊನೆಗೆ ಕಥೆ ಹೇಳಬೇಕಾಗಿ ಬಂದದ್ದು ಸಾಹಿತ್ಯದವರಿಗೆ ಸಂತೋಷದ ಸಂಗತಿಯೇ. ಆದರೆ ನೀರಿನ ಕಥೆ ಎಲ್ಲ ಊರಿನಲ್ಲೂ ನಿಲ್ಲುತ್ತದೆ. ಗಡಿ, ಒಪ್ಪಂದ, ಅಣ್ವಸ್ತ್ರಗಳಿಗೆ ಇಂಥ ಕಥೆಯನ್ನು ಎಲ್ಲಿಂದ ತರುವುದು? ಗಡಿಯ ಈಚೆಗೆ ಹೇಳಿದ ಕಥೆ ಗಡಿಯ ಆಚೆಗೆ ಬೇರೆಯಾಗುತ್ತದೆ.

ಬ್ಯುಕ್ಯಾನನ್-ಕ್ಯಾಂಟ್ರಿಲರ ಗ್ರಂಥವನ್ನು ಇಂದಿಗೂ ಓದಬಹುದು, ಅದರ ಅಂಕಿಗಳಿಗಾಗಿ ಅಲ್ಲ, ಆ ಆರು ವರ್ಷಗಳ ಸಂಗತಿಗಾಗಿ. ನಮ್ಮ ಪತ್ರಿಕೆಗಳಿಂದ ನಾನು ಬೇಡುವುದು ಇಷ್ಟೆ: ಭಾರತೀಯರಲ್ಲಿ ನೂರಕ್ಕೆ ಇಷ್ಟು ಮಂದಿ ಇಂಥ ದೇಶವನ್ನು ಮೆಚ್ಚುತ್ತಾರೆ ಎಂದು ಅಚ್ಚುಹಾಕುವಾಗ, ಕೆಳಗೆ ಎರಡು ಸಾಲು ಹೆಚ್ಚು ಹಾಕಲಿ. ಒಂದರಲ್ಲಿ, ಕೇಳಿದ ಪ್ರಶ್ನೆ ಕನ್ನಡದಲ್ಲಿ ಹೇಗಿತ್ತು ಎಂಬುದು. ಇನ್ನೊಂದರಲ್ಲಿ, ‘ಗೊತ್ತಿಲ್ಲ’ ಎಂದವರು ಎಷ್ಟು ಮಂದಿ ಎಂಬುದು.