ಮೞೆ, ಮಳೆ ಮತ್ತು ಮೊಬೈಲು

ಆಷಾಢದಲ್ಲಿ ಖಾನಾಪುರದ ಸೀಮೆಯಿಂದ ಬೆಳಗಾವಿಗೆ ಬರುವ ಕುಶಲವಾರ್ತೆಯಲ್ಲಿ ಮೊದಲ ಮಾತು ಮಳೆಯದೇ ಆಗಿರುವದು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯವರಿಗೆ ಆ ದಿನಗಳಲ್ಲಿ ಬೇರೆ ಸುದ್ದಿಯಾದರೂ ಏನಿದ್ದೀತು? ಹಿಂದೆ ಈ ವಾರ್ತೆ ಅಂಚೆಯ ಕಾರ್ಡಿನಲ್ಲಿ ನಾಲ್ಕು ದಿನಕ್ಕೆ ಬರುತ್ತಿತ್ತು. ಈಗ ನಿಮಿಷಾರ್ಧದಲ್ಲಿ ಮೊಬೈಲಿನ ಗಾಜಿನ ಮೇಲೆ ಮೂಡುತ್ತದೆ. ಆ ವೇಗವನ್ನು ನಾನು ನಿಂದಿಸಲಾರೆ. ಹಳ್ಳ ಬಂದು ದಾರಿ ಕಟ್ಟಿದಾಗ ಮನೆಯವರ ಕ್ಷೇಮವನ್ನು ಕೂಡಲೆ ತಿಳಿಯುವದು ಸಣ್ಣ ಉಪಕಾರವಲ್ಲ. ನಾನು ಪರೀಕ್ಷಿಸಬೇಕೆಂದಿರುವದು ಆ ವಾರ್ತೆಯನ್ನು ಬರೆಯುವ ಬಗೆಯನ್ನು.

ನಮ್ಮ ಸುಶಿಕ್ಷಿತ ಮನೆಗಳ ತರುಣರು ಕನ್ನಡದ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಮಳೆಯೆಂಬುದಕ್ಕೆ ಎಮ್, ಎ, ಎಲ್, ಇ ಎಂಬ ನಾಲ್ಕು ಗುಂಡಿಗಳು. ಅದನ್ನು ಮಳೆಯೆಂದು ಓದಬಹುದು, ಮಲೆಯೆಂದು ಓದಬಹುದು, ಮಾಲೆಯೆಂದೂ ಓದಬಹುದು. ಇಂಗ್ಲಿಷ್ ಬಲ್ಲವನೊಬ್ಬನು ಗಂಡಸೆಂದು ಓದಿದರೆ ಅವನದೇನೂ ತಪ್ಪಿಲ್ಲ. ಬಳೆಗೂ ಬಲೆಗೂ, ಮಣೆಗೂ ಮನೆಗೂ ಇದೇ ಗತಿ.

ಇದಕ್ಕೊಂದು ಪೂರ್ವಪಕ್ಷವುಂಟು. ಸಂದರ್ಭದಿಂದ ಅರ್ಥ ತಿಳಿಯುತ್ತದೆ. ಮೇಲಾಗಿ ಅಕ್ಷರಗಳು ಹೋಗುವದು ಹೊಸತಲ್ಲ. ಕನ್ನಡವು ಹಿಂದೆಯೇ ಕೆಲವನ್ನು ಕಳೆದುಕೊಂಡು ಬದುಕಿದೆಯಷ್ಟೆ, ಎಂದು ಅವರೆನ್ನುವರು. ಮಾತು ದಿಟವೇ. ಮಳೆ ಎಂಬ ಶಬ್ದವೇ ಹಳಗನ್ನಡದಲ್ಲಿ ಮೞೆ. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ಎರಡು ಅಕ್ಷರಗಳು ಒಂದಾದ ಮೇಲೆ ಕತ್ತಿಯೂ ಜೀವನವೂ ಒಂದೇ ಬರವಣಿಗೆಯಲ್ಲಿ ಸೇರಿಕೊಂಡವು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳೆಂದು ಭೇದವನ್ನು ಹೇಳಿ, ರಳವುಳ್ಳ ಶಬ್ದಗಳನ್ನು ಪಟ್ಟಿಮಾಡಿಯೇ ಕೊಡಬೇಕಾಯಿತು. ನಾಲಗೆಯಲ್ಲಿ ಗಟ್ಟಿಯಾಗಿ ನಿಂತ ಅಕ್ಷರಕ್ಕೆ ಪಟ್ಟಿ ಬೇಕಾಗುವದಿಲ್ಲ.

ಆದರೆ ಉತ್ತರವೂ ಅಲ್ಲಿಯೇ ಇದೆ. ೞಕಾರವನ್ನು ಮೊದಲು ಬಿಟ್ಟದ್ದು ನಾಲಗೆ. ಲೇಖನಿಯು ಅದರ ಹಿಂದೆ ನಡೆಯಿತು. ಇದು ಭಾಷೆಯ ಸಹಜಧರ್ಮ. ಇಂದಿನ ಳಕಾರವನ್ನು ಯಾವ ನಾಲಗೆ ಬಿಟ್ಟಿದೆ? ಖಡೇಬಜಾರದಲ್ಲಿ ಬಳೆ ಕೊಳ್ಳುವ ಹುಡುಗಿ ಬಲೆ ಕೊಡಿರೆಂದು ಕೇಳುವದಿಲ್ಲ. ಬಾಯಿಯಲ್ಲಿ ಜೀವಂತವಾಗಿರುವ ವರ್ಣವನ್ನು ಬೆರಳು ಅಳಿಸುತ್ತಿದೆ. ಇದು ಕೇಶಿರಾಜನ ಕಾಲದಲ್ಲಿ ಆದದ್ದಕ್ಕೆ ನೇರ ವಿಪರೀತ.

ಫಲವನ್ನು ನೋಡಲು ದೂರ ಹೋಗಬೇಕಾಗಿಲ್ಲ. 2014ರ ನವೆಂಬರ್ 1ರಂದು ನಮ್ಮ ನಗರದ ಹೆಸರನ್ನು ಇಂಗ್ಲಿಷಿನಲ್ಲಿಯೂ ಬೆಳಗಾವಿಯೆಂದೇ ಬರೆಯಬೇಕೆಂದಾಯಿತು. ಸಂತೋಷದ ಸಂಗತಿ. ಆದರೂ ರೋಮನ್ ಅಕ್ಷರಗಳಿಂದಲೇ ನಮ್ಮನ್ನು ಅರಿತ ಪರಸ್ಥಳದವರ ಬಾಯಲ್ಲಿ ನಾವು ಬೆಲಗಾವಿಯವರು. ಖಾನಾಪುರ ತಾಲೂಕಿನ ಹಲಸಿ ಕದಂಬರ ಪಲಾಶಿಕೆ. ಭೂವರಾಹ ನರಸಿಂಹನ ಕ್ಷೇತ್ರ. ಅಲ್ಲಿ ಊಟವಾಯಿತೆಂದು ಮೊಬೈಲಿನಲ್ಲಿ ಬರೆದರೆ ಊರಿನ ಹೆಸರೇ ಹಳಸಿ ಹೋಗುತ್ತದೆ. ನೆರೆಯ ಮರಾಠಿ ಮನೆಗಳ ಸ್ಥಿತಿಯೂ ಬೇರೆಯಲ್ಲ: ಅವರಲ್ಲಿ ಬಾಳ ಎಂದರೆ ಕೂಸು, ರೋಮನ್ ಬರವಣಿಗೆಯಲ್ಲಿ ಆ ಕೂಸು ನಮ್ಮ ಕಣ್ಣಿಗೆ ಬಾಲವಾಗಿ ತೋರೀತು. ಋಗ್ವೇದದ ಮೊದಲ ಮಂತ್ರದ ಎರಡನೆಯ ಪದದಲ್ಲಿಯೇ ಳಕಾರವುಂಟು; ಕಿವಿಯಿಂದ ಕಿವಿಗೆ ಸಾವಿರಾರು ವರುಷ ಸವೆಯದೆ ಬಂದ ಆ ವರ್ಣ ನಮ್ಮ ಬೆರಳಿನ ಸೋಮಾರಿತನಕ್ಕೆ ಸೋಲಬೇಕೆ?

ಯಂತ್ರದ ಮೇಲೆ ಅಪರಾಧವನ್ನು ಹೊರಿಸುವದು ಸುಲಭ, ನ್ಯಾಯವಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡುವ ಯುನಿಕೋಡಿನಲ್ಲಿ, 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ಱಕಾರವುಂಟು, ೞಕಾರವೂ ಉಂಟು. ವಿನೋದವೇನೆಂದರೆ, ೞಕಾರಕ್ಕೆ ಅಲ್ಲಿ ಪ್ರಮಾದದಿಂದ ಫಕಾರದ ಹೆಸರು ಬಿದ್ದಿದೆ! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಮಂಡಲಿಯ ನಿಯಮವಾದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರು ಸೇರಿದೆ. ಹೆಸರು ಕೆಟ್ಟರೂ ಅಕ್ಷರ ಉಳಿಯಿತು. 2021ರಲ್ಲಿ ಹಳೆಯ ಬರಹದ ನಕಾರ ಪೊಲ್ಲಿಗೂ ಅಲ್ಲಿ ಸ್ಥಳ ದೊರೆತಿದೆ. ಶ್ರೀ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿ ಲಕಾರದ ಗುಂಡಿಯನ್ನೇ ಶಿಫ್ಟಿನೊಡನೆ ಒತ್ತಿದರೆ ಳಕಾರ ಬರುತ್ತದೆ. ನಕಾರದ ಗುಂಡಿಯಿಂದ ಹಾಗೆಯೇ ಣಕಾರ. ಒಂದು ಗುಂಡಿಯ ಶ್ರಮ. ಮೊದಮೊದಲಿನ ಮೊಬೈಲುಗಳಲ್ಲಿ ಕನ್ನಡವೇ ಕಾಣುತ್ತಿರಲಿಲ್ಲ, ಆಗ ರೋಮನ್ ಬರವಣಿಗೆ ಆಪದ್ಧರ್ಮವಾಗಿತ್ತು. ಆಪತ್ತು ಕಳೆದು ವರ್ಷಗಳಾದವು. ಧರ್ಮ ಮಾತ್ರ ನಿಂತಿತು. ಯಂತ್ರವು ಸತ್ತ ಅಕ್ಷರಗಳನ್ನು ಆಯ್ದು ಕಾಯುತ್ತಿರುವಾಗ, ಬದುಕಿರುವವನ್ನು ಕೈಬಿಡುತ್ತಿರುವವರು ಓದಿದ ನಾವೇ.

ಓದಿದವರೇ ಎಂದು ಒತ್ತಿ ಹೇಳಲು ಕಾರಣವುಂಟು. ಜಾಂಬೋಟಿಯ ಕಡೆಯ ಅಕ್ಷರವರಿಯದ ಮುದುಕಿ ಗುಂಡಿಯನ್ನು ಒತ್ತಿ ಹಿಡಿದು, ಮಳೆಯ ಸಂಗತಿಯನ್ನೂ ಎಮ್ಮೆ ಈದದ್ದನ್ನೂ ತನ್ನ ದನಿಯಲ್ಲಿಯೇ ಹೇಳಿ ಕಳಿಸುತ್ತಾಳೆ. ಅವಳ ಳಕಾರ ಎಲ್ಲಿಯೂ ಜಾರುವದಿಲ್ಲ. ಕಷ್ಟವಿರುವದು ಅವಳಿಗಲ್ಲ, ಆ ಪೀಳಿಗೆಯಲ್ಲಿ ಕನ್ನಡವನ್ನು ಚೆನ್ನಾಗಿ ಓದಬಲ್ಲವರಿಗೆ. ಮುಲ್ಕಿ ಪಾಸಾಗಿ ಇಂಗ್ಲಿಷನ್ನು ಮುಟ್ಟದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಗದುಗಿನ ಭಾರತವನ್ನು ರಾಗವಾಗಿ ಓದುವ ಅಂಥ ಅಜ್ಜನಿಗೆ ಪುಣೆಯ ಮೊಮ್ಮಗಳು ಮೊಬೈಲಿನಲ್ಲಿ ಕುಶಲ ಕೇಳಿರುತ್ತಾಳೆ. ಮಾತು ಕನ್ನಡವೇ, ಅವನ ಹೆಸರೂ ಅದರಲ್ಲಿದೆ. ಅವನು ಕನ್ನಡಕವನ್ನು ಒರೆಸಿಕೊಂಡು ನೋಡಿ, ಪಕ್ಕದ ಮನೆಯ ಹುಡುಗ ಶಾಲೆಯಿಂದ ಬರುವವರೆಗೆ ಕಾಯುತ್ತಾನೆ.